ಅಗ್ರಹಾರದ ಚುಕ್ಕಿ, ಮಂಡ್ಯದ ಕೋಡು

ಶನಿವಾರ

ರಾತ್ರಿ ರೈಲು ಮೈಸೂರು ಮುಟ್ಟಿದಾಗ ಇನ್ನೂ ಕತ್ತಲೆ ಹರಿದಿರಲಿಲ್ಲ. ಗಾಂಧಿ ಚೌಕದ ಹತ್ತಿರದ ಲಾಡ್ಜಿನವರು ಎಂಟು ಗಂಟೆಯವರೆಗೆ ಕೋಣೆ ಖಾಲಿಯಿಲ್ಲವೆಂದರು. ಚೀಲವನ್ನು ಅವರ ಮೇಜಿನ ಕೆಳಗೆ ತಳ್ಳಿ, ಶಾಲು ಹೊದ್ದು ಅಗ್ರಹಾರದ ಕಡೆಗೆ ನಡೆದೆ.

ದಾವಣಗೆರೆಯಲ್ಲಿ ನನ್ನದು ಬ್ಯಾನರ್ ಅಂಗಡಿ. ಹುಟ್ಟುಹಬ್ಬದ ನಾಯಕರನ್ನೂ ಶುಭ ಕೋರುವ ಅವರ ಹಿಂಬಾಲಕರನ್ನೂ ಕಂಪ್ಯೂಟರಿನಲ್ಲಿ ಸಾಲಾಗಿ ನಿಲ್ಲಿಸಿ, ಯಾರ ತಲೆ ಯಾರ ತಲೆಗಿಂತ ದೊಡ್ಡದಿರಬೇಕೆಂದು ಫೋನಿನಲ್ಲಿ ಬೈಸಿಕೊಂಡು ಅಚ್ಚು ಹಾಕಿಸುವುದು ನನ್ನ ಕಸುಬು. 2016ರಲ್ಲಿ ಸರ್ಕಾರ ಪ್ಲಾಸ್ಟಿಕ್ ಫ್ಲೆಕ್ಸನ್ನು ನಿಷೇಧಿಸಿದ ಮೇಲೆ ಬಟ್ಟೆಗೆ ಹೊರಳಿದೆವು. ತಲೆಗಳ ತಗಾದೆ ಮಾತ್ರ ಹಾಗೆಯೇ ಇದೆ. ಸಂಕ್ರಾಂತಿಯ ಹಿಂದಿನ ವಾರ ಉಸಿರಾಡಲು ಬಿಡುವಿಲ್ಲದಷ್ಟು ಕೆಲಸ. ಅಂಥ ವಾರದಲ್ಲೇ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಹೊರಟುಬಂದದ್ದಕ್ಕೆ ಮನೆಯಲ್ಲಿ ಎಲ್ಲರೂ ಹುಬ್ಬೇರಿಸಿದರು. ಧನುರ್ಮಾಸ ಮುಗಿಯುವುದರೊಳಗೆ ಮೈಸೂರಿನ ರಂಗೋಲಿಗಳನ್ನು ನೋಡಬೇಕಿತ್ತು. ಅದಕ್ಕಿಂತ ಹೆಚ್ಚಿನ ಕಾರಣವನ್ನು ನಾನೂ ಹುಡುಕಲಿಲ್ಲ.

ಅಗ್ರಹಾರದ ಒಳಬೀದಿಗಳಲ್ಲಿ ಆ ಹೊತ್ತಿಗಾಗಲೇ ಪೊರಕೆಯ ಸದ್ದು. ಒಂದು ದೇವಸ್ಥಾನದಿಂದ ತುಪ್ಪ, ಮೆಣಸು ಬೆರೆತ ಹುಗ್ಗಿಯ ವಾಸನೆ ಬರುತ್ತಿತ್ತು. ಹಳೆಯ ಹೆಂಚಿನ ಮನೆಯೊಂದರ ಮುಂದೆ ಎಪ್ಪತ್ತು ದಾಟಿದ ಹೆಂಗಸೊಬ್ಬರು ಟಾರು ರಸ್ತೆಯ ಮೇಲೆ ನೀರು ಚಿಮುಕಿಸಿ, ಸ್ಟೀಲಿನ ಬಟ್ಟಲು ಹಿಡಿದು ಚುಕ್ಕಿ ಇಡಲು ಬಗ್ಗಿದ್ದರು. ಮಂಡಿ ಮಡಿಸಲಿಲ್ಲ, ಸೊಂಟದಿಂದ ಬಗ್ಗಿದವರು ಮುಗಿಯುವವರೆಗೆ ನೆಟ್ಟಗಾಗಲಿಲ್ಲ. ನಾನು ಎದುರಿನ ಜಗಲಿಯ ಮೇಲೆ ಕುಳಿತೆ.

ಹೆಬ್ಬೆರಳು ತೋರುಬೆರಳುಗಳ ನಡುವೆ ಒಂದು ಚಿಟಿಕೆ ಪುಡಿ. ಬೆರಳು ನೆಲಕ್ಕೆ ತಾಗುವುದಿಲ್ಲ, ಒಂದಂಗುಲ ಮೇಲೆಯೇ ನಿಂತು ಪುಡಿಯನ್ನು ಬಿಡುತ್ತದೆ. ಒದ್ದೆ ಟಾರು ಅದನ್ನು ಹಿಡಿದುಕೊಳ್ಳುತ್ತದೆ. ನಡುವಿನ ಸಾಲಿಗೆ 15 ಚುಕ್ಕಿ. ಅದರ ಮೇಲಿನ ಸಾಲಿಗೆ 14, ಆದರೆ ಕೆಳಗಿನ ಚುಕ್ಕಿಗಳ ನೇರಕ್ಕಲ್ಲ, ಎರಡರ ಸಂದಿಗೆ. ಹೀಗೆ ಒಂದೊಂದೇ ಕಡಿಮೆ ಮಾಡುತ್ತ 8ಕ್ಕೆ ಬಂದು ನಿಂತರು. ಮತ್ತೆ ನಡುವಿನ ಸಾಲಿಗೆ ಹಿಂದಿರುಗಿ ಕೆಳಗೂ ಹಾಗೆಯೇ 8ರವರೆಗೆ. ಒಟ್ಟು 169 ಚುಕ್ಕಿ. ಆರು ಬದಿಗಳೂ ಸಮನಾದ ಆಕೃತಿ ರಸ್ತೆಯ ಮೇಲೆ ತಾನಾಗಿ ಎದ್ದು ನಿಂತಿತು. ಇದನ್ನೇ ನಾನು ಕಂಪ್ಯೂಟರಿನಲ್ಲಿ ಮಾಡಬೇಕಾದರೆ ಮೊದಲು ಗೆರೆಗಳ ಬಲೆ ಹಾಕಿಕೊಳ್ಳುತ್ತೇನೆ, ಅಳತೆ ನಮೂದಿಸುತ್ತೇನೆ. ಅವರ ತುಟಿ ಮಾತ್ರ ಅಲ್ಲಾಡುತ್ತಿತ್ತು. ಎಣಿಸುತ್ತಿದ್ದಾರೆಂದುಕೊಂಡೆ. ಕಿವಿಗೊಟ್ಟರೆ ಅದು ತರಕಾರಿಯವನಿಗೆ ಕೊಡಬೇಕಾದ ಬಾಕಿಯ ಲೆಕ್ಕ.

ಎಳೆಗಳು ಶುರುವಾದ ಮೇಲೆ ಸೈಕಲ್ಲಿನ ಹಾಲಿನವನು ಬಂದ. ಗಾಲಿಯನ್ನು ರಂಗೋಲಿಯ ಅಂಚಿಗೆ ಗೆರೆ ಹಿಡಿದು ತಿರುಗಿಸಿಕೊಂಡು ಹೋದ. ಪೇಪರ್ ಹುಡುಗನೂ ಅಷ್ಟೇ. ರಂಗೋಲಿ ಪೂರ್ತಿಯಾಗಿ ಅವರು ಸೊಂಟ ಹಿಡಿದು ನೆಟ್ಟಗಾಗುವಷ್ಟರಲ್ಲಿ ಅದೇ ಮನೆಯ ಗೇಟು ತೆರೆದು ಮೊಮ್ಮಗನ ಸ್ಕೂಟರ್ ಹೊರಬಿತ್ತು. ಎರಡು ದಳಗಳ ಮೇಲೆ ಹಾದು ಮಾಯವಾಯಿತು.

ನನ್ನ ಬಾಯಿಂದ ‘ಅಯ್ಯೋ’ ಎಂದು ಬಂದದ್ದಕ್ಕೆ ಅವರು ತಿರುಗಿ ನೋಡಿದರು.

“ಇದು ಹೀಗೆಯೇ ಉಳಿದರೆ ನಾಳೆಯದನ್ನು ಎಲ್ಲಿ ಬರೆಯಲಮ್ಮ?” ಎಂದರು.

ಊರು, ಕೇರಿ, ಮಕ್ಕಳೆಷ್ಟು ಎಂಬ ವಿಚಾರಣೆಯೆಲ್ಲ ಆದ ಮೇಲೆ ಒಳಗಿನಿಂದ ಹಳೆಯ ಲೆಕ್ಕದ ಪುಸ್ತಕವೊಂದನ್ನು ತಂದರು. ಪುಟಪುಟಕ್ಕೂ ಪೆನ್ಸಿಲಿನ ಚುಕ್ಕಿ, ನೀಲಿ ಮಸಿಯ ಎಳೆ. ಮೂಲೆಯಲ್ಲಿ ಯಾರಿಂದ ಬಂತು ಎಂಬ ಟಿಪ್ಪಣಿ: ನಂಜನಗೂಡಿನ ನಾದಿನಿ, ಎರಡನೇ ಮನೆಯ ಸೊಸೆ, ಪಂಚಾಂಗದ ಹಿಂಬದಿ. ಒಂದರ ಕೆಳಗೆ ‘ಅರಸೀಕೆರೆ ರೈಲು’ ಎಂದಷ್ಟೇ ಇತ್ತು. ಎದುರಿನ ಸೀಟಿನಲ್ಲಿ ಕುಳಿತಿದ್ದ ಹೆಂಗಸು ಕಿಟಕಿಯ ಗಾಜಿನ ಮಂಜಿನ ಮೇಲೆ ಬೆರಳಿನಿಂದ ಬರೆದು ತೋರಿಸಿದ್ದಂತೆ.

“ಅವರ ಹೆಸರು?”

“ಹೆಸರು ಕೇಳುವುದಕ್ಕೆ ಪುರಸೊತ್ತೆಲ್ಲಿತ್ತು? ಇಳಿಯುವ ನಿಲ್ದಾಣ ಬಂದುಬಿಟ್ಟಿತು. ಚುಕ್ಕಿ ಎಷ್ಟೆಂದು ಕೇಳಿಕೊಂಡೆ.”

ಆಮೇಲೆ ನನ್ನನ್ನು ಗದರಿಸಿಯೇ ದೇವಸ್ಥಾನಕ್ಕೆ ಅಟ್ಟಿದರು. ಹುಗ್ಗಿ ಏಳು ಗಂಟೆಯೊಳಗೆ ಮುಗಿದುಹೋಗುತ್ತದಂತೆ. ಹೌದು, ನನ್ನ ಹಿಂದೆ ನಿಂತವರಿಗೆ ತಳದ ಸೀಕಲು ಸಿಕ್ಕಿತು.

ಮಧ್ಯಾಹ್ನದ ಮೇಲೆ ದೇವರಾಜ ಮಾರುಕಟ್ಟೆ. ಕುಂಕುಮದ ಗೋಪುರಗಳ ಫೋಟೊವನ್ನು ಎಲ್ಲರೂ ತೆಗೆಯುತ್ತಾರೆ, ನಾನೂ ತೆಗೆದೆ. ಅದರ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಕುಂಕುಮದ ಅಂಗಡಿಯವರ ಮಾತು ಮಾತ್ರ ಉಳಿಯಿತು. ತೂತು ಕೊರೆದ ಪ್ಲಾಸ್ಟಿಕ್ ತಟ್ಟೆ ಕೊಳ್ಳುವವರು ಬಣ್ಣದ ಪುಡಿಗಳನ್ನು ಬಗೆಬಗೆಯಾಗಿ ಆರಿಸುತ್ತಾರೆ, ಕೈಯಲ್ಲಿ ಬಿಡುವವರು ಬಿಳಿ ಪುಡಿಯನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿ ಮರಳು ಜಾಸ್ತಿ ಎಂದು ಜಗಳಕ್ಕೆ ನಿಲ್ಲುತ್ತಾರೆ ಎಂದರು. ಯಾರ ಮೇಲೆ ಅವರಿಗೆ ಗೌರವವೆಂದು ಬಿಡಿಸಿ ಹೇಳಲಿಲ್ಲ.

ಲಾಡ್ಜಿಗೆ ಮರಳುವಾಗ ದೊಡ್ಡ ಗಡಿಯಾರದ ಕೆಳಗೆ ಸುಮ್ಮನೆ ನಿಂತೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆಂದು 1927ರಲ್ಲಿ ಎದ್ದ ಗೋಪುರ ಇದು. ಅದರ ಮುಖದ ಮೇಲೆ ಕನ್ನಡ ಅಂಕಿಗಳು. ನನ್ನ ಕಸುಬಿನವರಿಗೆ ಇದು ದೇವಸ್ಥಾನದ ಮುಂದೆ ನಿಂತಷ್ಟೇ. ಪಕ್ಕದಲ್ಲಿ ಬಸ್ಸಿಗೆ ಕಾಯುತ್ತಿದ್ದ ಶಾಲೆಯ ಹುಡುಗಿ ತನ್ನ ತಂಗಿಗೆ “ಆರು ಯಾವುದು, ಒಂಬತ್ತು ಯಾವುದು ಹೇಳು ನೋಡೋಣ” ಎಂದು ಪರೀಕ್ಷೆ ಮಾಡುತ್ತಿದ್ದಳು. ತಂಗಿ ತಪ್ಪು ಹೇಳಿ ತಲೆಗೆ ಮೊಟಕಿಸಿಕೊಂಡಳು.

ಭಾನುವಾರ

ಚಾಮುಂಡಿ ಬೆಟ್ಟವನ್ನು ಮೆಟ್ಟಿಲ ಮೇಲೆಯೇ ಹತ್ತಿದೆ. ದೊಡ್ಡ ದೇವರಾಜ ಒಡೆಯರು 17ನೇ ಶತಮಾನದಲ್ಲಿ ಹಾಕಿಸಿದ ಸಾವಿರ ಮೆಟ್ಟಿಲು. ಬೀದಿಚಿತ್ರ ನೋಡಲು ಬಂದವಳಿಗೆ ಬೆಟ್ಟದಲ್ಲೇನು ಕೆಲಸ ಎಂದು ಕೇಳುವವರು ಆ ಮೆಟ್ಟಿಲುಗಳನ್ನು ನೋಡಬೇಕು. ಒಂದೊಂದರ ಅಂಚಿಗೂ ಅರಿಶಿನದ ಪಟ್ಟೆ, ಮೇಲೆ ಕುಂಕುಮದ ಬೊಟ್ಟು. ಹರಕೆ ಹೊತ್ತವರು ಕೆಳಗಿನಿಂದ ಮೇಲಿನವರೆಗೆ ಪ್ರತಿ ಮೆಟ್ಟಿಲಿಗೂ ಬಗ್ಗಿ ಹಚ್ಚುತ್ತ ಹೋಗುತ್ತಾರೆ. ನಿನ್ನೆಯವರು ಹಚ್ಚಿದ್ದರ ಮೇಲೆ ಇವತ್ತಿನವರು, ಅದರ ಮೇಲೆ ನಾಳೆಯವರು. ಹತ್ತಾರು ಸಾವಿರ ಜನ ಒಬ್ಬರಿಗೊಬ್ಬರು ಗುರುತಿಲ್ಲದೆ ಒಂದೇ ಚಿತ್ರವನ್ನು ಬರೆಯುತ್ತಿದ್ದಾರೆ. ಯಾವ ಚಿತ್ರಶಾಲೆಯವರಿಗೂ ಇದು ಲೆಕ್ಕಕ್ಕೆ ಬಂದಂತಿಲ್ಲ.

ಸುಮಾರು ಇನ್ನೂರನೇ ಮೆಟ್ಟಿಲಿನ ಹತ್ತಿರ ಇಪ್ಪತ್ತೈದರ ಹುಡುಗಿಯೊಬ್ಬಳು ಬೆನ್ನು ಹಿಡಿದು ಕುಳಿತಿದ್ದಳು. ಜೊತೆಗೆ ಬಂದಿದ್ದ ಗಂಡ ನೀರು ತರಲು ಕೆಳಗೆ ಹೋದವನು ಇನ್ನೂ ಬಂದಿರಲಿಲ್ಲ. “ಅಕ್ಕಾ, ಈ ಕುಂಕುಮದ ಬಟ್ಟಲು ಹಿಡಿದುಕೊಳ್ಳುತ್ತೀರಾ? ಅರಿಶಿನ ನಾನೇ ಹಚ್ಚುತ್ತೇನೆ” ಎಂದಳು. ಹರಕೆ ಅವಳದು, ಬೊಟ್ಟು ನನ್ನದು. ಫಲ ಹೇಗೆ ಹಂಚಿಕೆಯಾಗುತ್ತದೆಂದು ಕೇಳಿದೆ. ಕೆಲಸ ಸಿಕ್ಕರೆ ಮೊದಲ ತಿಂಗಳ ಸಂಬಳದಲ್ಲಿ ದೋಸೆ ಕೊಡಿಸುತ್ತೇನೆ ಎಂದಳು. ನಂದಿಯವರೆಗೆ ಹೀಗೆ ಹೋದೆವು. ಒಂದೇ ಬಂಡೆಯಲ್ಲಿ ಕಡೆದ ಆ ನಂದಿಯ ಎದುರು ಗಂಡ ನಮಗಿಂತ ಮುಂಚೆಯೇ ಬಂದು ಕುಳಿತಿದ್ದ. ರಸ್ತೆಯ ದಾರಿಯಿಂದ, ಯಾರದೋ ಬೈಕಿನಲ್ಲಿ. ಅಲ್ಲಿಂದಾಚೆಯ ಮಾತು ಅವರಿಬ್ಬರದು. ನಾನು ಬಟ್ಟಲು ಅವನ ಕೈಗೆ ಕೊಟ್ಟು ಮೇಲಕ್ಕೆ ನಡೆದೆ.

ಸಂಜೆ ನಜರಬಾದಿನ ಕಡೆ ಅಲೆಯುವಾಗ ಉದ್ದನೆಯ ಕಾಂಪೌಂಡು ಗೋಡೆಯೊಂದು ಎದುರಾಯಿತು. ಗೋಡೆಯ ತುಂಬ ಜಂಬೂಸವಾರಿ. ಇಂಥ ಗೋಡೆಗಳನ್ನು ಕಂಡರೆ ನನಗೆ ಅಷ್ಟಕ್ಕಷ್ಟೆ. ಸ್ವಚ್ಛ ನಗರಗಳ ಪಟ್ಟಿಯಲ್ಲಿ ಮೈಸೂರು 2015, 2016ರಲ್ಲಿ ಮೊದಲ ಸ್ಥಾನಕ್ಕೆ ಬಂದ ಆಸುಪಾಸಿನಿಂದ ಎಲ್ಲ ಊರುಗಳಿಗೂ ಗೋಡೆ ಬರೆಸುವ ಹುಮ್ಮಸ್ಸು ಹತ್ತಿದೆ. ಎಲ್ಲ ಊರುಗಳಲ್ಲೂ ಅದೇ ಗಿಡ, ಅದೇ ಗುಬ್ಬಿ, ಕಸದ ಬುಟ್ಟಿಯ ಪಕ್ಕ ಕೈಮುಗಿದು ನಿಂತ ಅದೇ ಮಗು. ಗಲೀಜು ಮಾಡುವವರನ್ನು ತಡೆಯಲು ನಾಲ್ಕು ದೇವರುಗಳು. ಮೈಸೂರಾದರೆ ಅದರ ಜೊತೆಗೆ ಆನೆ, ಅಂಬಾರಿ.

ಆದರೆ ಈ ಗೋಡೆಯ ಮುಂದೆ ಜನ ನಿಂತು ನಗುತ್ತಿದ್ದರು. ಹತ್ತಿರ ಹೋದೆ. ಅಂಬಾರಿಯ ಹಿಂದೆ ಪೇಟ ಸುತ್ತಿದ ದಂಡು, ಅದರ ಹಿಂದೆ ನೆರೆದ ಜನ. ಆ ಜನರ ನಡುವೆ ಕೆಂಪು ಸ್ವೆಟರು ತೊಟ್ಟ ದಪ್ಪ ಹೆಂಗಸೊಬ್ಬಳು ಬಿದಿರಿನ ಮೊರ ಹಿಡಿದು ಕುಳಿತಿದ್ದಾಳೆ. ಗೋಡೆಯ ಕೆಳಗೆ, ಸರಿಯಾಗಿ ಅದೇ ಜಾಗದಲ್ಲಿ, ಅದೇ ಕೆಂಪು ಸ್ವೆಟರಿನಲ್ಲಿ, ಅದೇ ಮೊರದ ಮುಂದೆ ಅದೇ ಹೆಂಗಸು ಹುರಿದ ಕಡಲೆಕಾಯಿ ಮಾರುತ್ತಿದ್ದರು.

“ಮೂಗು ಸರಿ ಬಂದಿಲ್ಲ” ಎಂದು ಅವರೇ ಶುರು ಮಾಡಿದರು. “ನನ್ನ ಮೂಗು ಇಷ್ಟು ದಪ್ಪವೇ, ನೀವೇ ಹೇಳಿ.”

ಏಣಿಯ ಮೇಲಿದ್ದ ಹುಡುಗಿ ತಿರುಗಿಯೂ ನೋಡದೆ, “ಅಮ್ಮಾ, ಆಗಲೇ ನಾಲ್ಕು ಸಲ ತಿದ್ದಿದ್ದೇನೆ. ಇನ್ನೊಂದು ಸಲ ತಿದ್ದಿದರೆ ಮೂಗೇ ಇರುವುದಿಲ್ಲ” ಎಂದಳು.

ಅವಳು ಚಾಮರಾಜೇಂದ್ರ ದೃಶ್ಯಕಲಾ ಕಾಲೇಜಿನ ವಿದ್ಯಾರ್ಥಿನಿ. ಮೈಸೂರಿನವರ ಬಾಯಲ್ಲಿ ಅದು ಕಾವಾ. ಕೆಲಸ ವಹಿಸಿದವರು ಕೊಟ್ಟಿದ್ದ ನಕ್ಷೆಯಲ್ಲಿ ನೆರೆದ ಜನರಿಗೆ ಮುಖವೇ ಇರಲಿಲ್ಲವಂತೆ, ಬರೀ ಉರುಟುರುಟು ತಲೆಗಳು. ಗೋಡೆ ಒಣಗುವವರೆಗೆ ಕುಳಿತುಕೊಳ್ಳಲು ನೆರಳು ಕೊಟ್ಟು, ಹಸಿದಾಗ ಕಡಲೆಕಾಯಿ ಕೊಟ್ಟವರ ಮುಖವನ್ನು ಮೊದಲು ಬರೆದಳು. ಆಮೇಲೆ ಎದುರಿನ ಪಂಚರ್ ಅಂಗಡಿಯವರು ಬಂದು ತಮ್ಮದೂ ಇರಲಿ ಎಂದರು. ಬೀಟಿನ ಪೊಲೀಸರು ಕೇಳಲಿಲ್ಲ, ಆದರೆ ದಿನಾ ಒಂದು ಸಲ ಮೀಸೆ ತಿರುವಿ ಎದುರಿಗೆ ನಿಂತು ಹೋಗುತ್ತಿದ್ದರು. ಅವರೂ ಈಗ ಪೇಟ ಸುತ್ತಿಕೊಂಡು ದಂಡಿನಲ್ಲಿದ್ದಾರೆ.

ಬಾದಲ್ ನಂಜುಂಡಸ್ವಾಮಿಯವರ ಮಾತು ಬಂತು. ಕಾವಾದಲ್ಲಿ ಓದಿದವರು, 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಮೊಸಳೆಯನ್ನು ಕೂರಿಸಿದವರು, 2019ರಲ್ಲಿ ಗುಂಡಿ ಬಿದ್ದ ರಸ್ತೆಯ ಮೇಲೆ ಗಗನಯಾತ್ರಿಯ ವೇಷದವರನ್ನು ನಡೆಸಿ ಚಂದ್ರನ ನೆಲವೆಂದು ಎಲ್ಲರನ್ನೂ ನಂಬಿಸಿದವರು. ಹುಡುಗಿಗೆ ಅವರೆಂದರೆ ಬಹಳ ಹೆಮ್ಮೆ. “ಅವರ ಚಿತ್ರ ಗೆದ್ದಿತು ಎಂದರೆ ಕಾರ್ಪೊರೇಷನ್ನಿನವರು ಬಂದು ಅದನ್ನು ಮುಚ್ಚಿಹಾಕಿದರು ಎಂದರ್ಥ. ಗುಂಡಿಯೂ ಹೋಯಿತು, ಚಿತ್ರವೂ ಹೋಯಿತು. ಅಂಥದ್ದನ್ನು ಬರೆಯಬೇಕು ಆಂಟಿ.”

ಆಂಟಿ ಎಂದದ್ದು ಸ್ವಲ್ಪ ಚುಚ್ಚಿತು. ಇರಲಿ.

ಫೋಟೊ ತೆಗೆಯಲು ಮೊಬೈಲ್ ಎತ್ತಿದೆ. ಕಡಲೆಕಾಯಿಯವರು ಕೈ ಅಡ್ಡ ಹಿಡಿದರು: ಗೋಡೆಯ ಫೋಟೊ ಬೇಕಾದವರು ಒಂದು ಪಾವು ಕೊಳ್ಳಬೇಕು. ಕೊಂಡೆ. ಜೋಪಾನವಾಗಿ ಮುಖದ ಅಡ್ಡಮಗ್ಗುಲನ್ನು, ಮೂಗು ಸಣ್ಣದಾಗಿ ಕಾಣುವಂತೆ, ಕ್ಯಾಮೆರಾಗೆ ಕೊಟ್ಟರು.

ಸೋಮವಾರ

ಹುಡುಗಿ ಹೇಳಿದ್ದಕ್ಕೆ ಅರಮನೆಗೆ ಹೋದೆ. ಹಳೆಯ ಅರಮನೆ 1897ರಲ್ಲಿ ಸುಟ್ಟ ಮೇಲೆ ಹೆನ್ರಿ ಇರ್ವಿನ್ನರ ನಕ್ಷೆಯಂತೆ ಕಟ್ಟಿ 1912ರಲ್ಲಿ ಮುಗಿಸಿದ ಈ ಅರಮನೆಯ ಬಗ್ಗೆ ನಾನು ಹೊಸದಾಗಿ ಹೇಳಬೇಕಾದದ್ದು ಏನೂ ಇಲ್ಲ. ಕಲ್ಯಾಣ ಮಂಟಪದ ಗೋಡೆಗಳ ಮೇಲಿನ 26 ದಸರಾ ಚಿತ್ರಗಳ ಮುಂದೆ ಮಾತ್ರ ಕಾಲು ನಿಂತಿತು. 1930ರ ದಶಕದ ಮೆರವಣಿಗೆಗಳ ಫೋಟೊಗಳನ್ನು ಎದುರಿಗಿಟ್ಟುಕೊಂಡು ಬರೆದವು. ಹಾಗಾಗಿ ಇಲ್ಲಿ ಉರುಟು ತಲೆಗಳಿಲ್ಲ. ಕುದುರೆ ಹಿಡಿದವನಿಗೂ ಛತ್ರಿ ಹಿಡಿದವನಿಗೂ ಅವರವರದೇ ಮುಖ.

ನನ್ನ ಪಕ್ಕದಲ್ಲಿ ಬಿಳಿ ಪಂಚೆಯ ವೃದ್ಧರೊಬ್ಬರು ಕನ್ನಡಕವನ್ನು ಹಣೆಗೇರಿಸಿ ಒಂದೊಂದೇ ಚಿತ್ರವನ್ನು ಸೋಸುತ್ತಿದ್ದರು. ಜನರ ನೂಕಿಗೆ ಅಲುಗಲಿಲ್ಲ. ಅವರ ತಾತ ಮೆರವಣಿಗೆಯಲ್ಲಿ ಪಂಜು ಹಿಡಿಯುತ್ತಿದ್ದರಂತೆ. ಮನೆಯಲ್ಲಿ ತಾತನ ಫೋಟೊ ಒಂದೂ ಇಲ್ಲ. ಅಪ್ಪ ಹೇಳಿದ ಗುರುತು ಒಂದೇ, ಎಡ ಹುಬ್ಬಿನ ಮೇಲೊಂದು ಗಾಯದ ಕಲೆ.

“ಸಿಕ್ಕರೇ?” ಎಂದೆ.

“ಪಂಜಿನವರು ಸಿಕ್ಕಿದ್ದಾರೆ. ಆದರೆ ಎಲ್ಲರೂ ಬಲಕ್ಕೆ ತಿರುಗಿ ನಿಂತಿದ್ದಾರೆ ನೋಡಿ.”

ನಾನೂ ಅವರ ಜೊತೆ ಹುಡುಕಿದೆ. ಹುಬ್ಬು ಕಾಣುವಂತೆ ನಿಂತವನೊಬ್ಬನನ್ನು ತೋರಿಸಿದೆ. ಅವನ ಕೈಯಲ್ಲಿ ಚಾಮರವಿತ್ತು. ವೃದ್ಧರು ಬಹಳ ಹೊತ್ತು ಯೋಚಿಸಿ, “ಇಲ್ಲ, ನಮ್ಮ ತಾತನಿಗೆ ಚಾಮರ ಕೊಡುತ್ತಿರಲಿಲ್ಲ” ಎಂದು ಮುಂದೆ ಸರಿದರು.

ಮಂಗಳವಾರ

ಬೆಳಿಗ್ಗೆಯೇ ಶ್ರೀರಂಗಪಟ್ಟಣದ ಬಸ್ಸು. ಗಂಜಾಮಿನ ದಾರಿಯ ದರಿಯಾ ದೌಲತ್ ಟಿಪ್ಪುವಿನ 1784ರ ಬೇಸಿಗೆಯರಮನೆ. ದೂರದಿಂದ ಹಸಿರು ಪರದೆಗಳನ್ನು ಇಳಿಬಿಟ್ಟ ಒಂದು ದೊಡ್ಡ ಮಂಟಪವಷ್ಟೇ ಕಾಣುತ್ತದೆ. ಪರದೆಯ ಹಿಂದೆ, ಪಶ್ಚಿಮದ ಗೋಡೆಯುದ್ದಕ್ಕೂ ಮೈಸೂರಿನವರು ಇಂಗ್ಲಿಷರನ್ನು ಸೋಲಿಸಿದ 1780ರ ಪೊಳ್ಳಿಲೂರಿನ ಯುದ್ಧ. ಪಲ್ಲಕ್ಕಿಯಲ್ಲಿ ಗಾಯಗೊಂಡು ಕುಳಿತ ಕರ್ನಲ್ ಬೇಲಿ, ಅವನ ಸುತ್ತ ಚೌಕಾಕಾರವಾಗಿ ನಿಂತ ಕೆಂಪು ಅಂಗಿಗಳು, ಸಿಡಿಯುತ್ತಿರುವ ಮದ್ದಿನ ಬಂಡಿ, ದುರ್ಬೀನು ಹಿಡಿದ ಫ್ರೆಂಚ್ ಅಧಿಕಾರಿ. ಹೈದರಾಲಿ, ಟಿಪ್ಪು ಇಬ್ಬರೂ ಯಾವ ಅವಸರವೂ ಇಲ್ಲದೆ ಆನೆ, ಕುದುರೆಗಳ ಮೇಲೆ ಸಾಗುತ್ತಿದ್ದಾರೆ.

ಈ ಗೋಡೆ ಪಟ್ಟ ಪಾಡು ದೊಡ್ಡದು. 1799ರ ಮುತ್ತಿಗೆಗೆ ಮೊದಲೇ ಚಿತ್ರವನ್ನು ಕೆಡಿಸಲಾಗಿತ್ತು. ಆಮೇಲೆ ಇಲ್ಲಿ ಬಂದು ಉಳಿದ ಇಂಗ್ಲಿಷ್ ಸೇನಾಧಿಕಾರಿ ವೆಲ್ಲೆಸ್ಲಿ ಸರಿಪಡಿಸಿದ. ಮತ್ತೆ ಯಾರೋ ಸುಣ್ಣ ಬಳಿದರು. 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಬಂದಾಗ ರಿಪೇರಿಗೆ ಆಜ್ಞೆಯಾಗಿ, ಮೊದಲಿನ ಚಿತ್ರವನ್ನು ಕಂಡು ನೆನಪಿಟ್ಟುಕೊಂಡಿದ್ದ ಸ್ಥಳೀಯ ಕಲಾವಿದನೊಬ್ಬ ಮತ್ತೆ ಬರೆದ. ನಾವು ಈಗ ನೋಡುತ್ತಿರುವುದು ಯುದ್ಧವನ್ನಲ್ಲ, ಅವನ ನೆನಪನ್ನು. ಇಷ್ಟು ಸಾವಿರ ಕಾಲುಗಳನ್ನು ನೆನಪಿಟ್ಟವನ ಹೆಸರು ಅಲ್ಲಿ ಎಲ್ಲೂ ಬರೆದಿಲ್ಲ.

ಶಾಲಾ ಪ್ರವಾಸದ ಕಾಲ. ನೀಲಿ ಸಮವಸ್ತ್ರದ ಮಕ್ಕಳ ದಂಡೊಂದು ಒಳನುಗ್ಗಿತು. ಮೇಷ್ಟರು ಇಸವಿಗಳನ್ನು ಕೂಗಿ ಹೇಳುತ್ತಿದ್ದರು, ಮಕ್ಕಳು ಕೇಳುತ್ತಿರಲಿಲ್ಲ. ಒಬ್ಬ ಪುಟ್ಟ ಹುಡುಗ ನನ್ನ ಸೆರಗು ಜಗ್ಗಿದ. “ಮಿಸ್, ಅಲ್ಲಿ ನೋಡಿ. ಎಲ್ಲರೂ ಆ ಕಡೆ ನೋಡುತ್ತಿದ್ದಾರೆ, ಇವನೊಬ್ಬ ನಮ್ಮ ಕಡೆ ನೋಡುತ್ತಿದ್ದಾನೆ.” ಸಾಲುಸಾಲು ಸಿಪಾಯಿಗಳ ನಡುವೆ ಮುಖ ತಿರುಗಿಸಿಕೊಂಡ ಒಬ್ಬನನ್ನು ಅವನು ಹೇಗೆ ಹೆಕ್ಕಿದನೋ. ನಾನು ಮಿಸ್ ಅಲ್ಲವೆಂದು ಹೇಳುವಷ್ಟರಲ್ಲಿ ಇನ್ನೂ ನಾಲ್ಕು ಮಕ್ಕಳು ಬಂದು, ನಮ್ಮ ಕಡೆ ನೋಡುವವರನ್ನು ಹುಡುಕುವ ಆಟ ಶುರುವಾಯಿತು. ಮೇಷ್ಟರು ಬಂದು ಎಲ್ಲರನ್ನೂ, ನನ್ನನ್ನೂ ಸೇರಿಸಿ, ಸಾಲಿನಲ್ಲಿ ನಿಲ್ಲಿ ಎಂದರು.

ಮಂಡ್ಯದ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಕಬ್ಬು ಹೇರಿದ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತಿತ್ತು. ಉಳಿದವರು ಗೊಣಗಿದರು, ನನಗೆ ಅದೇ ಬೇಕಿತ್ತು. ಟ್ರೈಲರಿನ ಹಿಂಬದಿಯ ಹಲಗೆಗಳೆಂದರೆ ಮಂಡ್ಯದ ನಡೆದಾಡುವ ಗೋಡೆಗಳು. ‘ರೈತನೇ ದೇಶದ ಬೆನ್ನೆಲುಬು’, ‘ಕಾವೇರಿ ತಾಯಿಯ ಕೃಪೆ’, ಮನೆದೇವರು, ಮಕ್ಕಳಿಬ್ಬರ ಹೆಸರು. ನಾಲ್ಕಾರು ಟ್ರೈಲರುಗಳು ಹಿಂದೆ ಬಿದ್ದ ಮೇಲೆ ಗಮನಕ್ಕೆ ಬಂತು: ಊರು ಬೇರೆ, ಮಾಲೀಕರು ಬೇರೆ, ಅಕ್ಷರ ಒಬ್ಬನದೇ. ತಲೆಕಟ್ಟಿನ ಕೊನೆಯನ್ನು ಸ್ವಲ್ಪ ಮೇಲಕ್ಕೆ ಎತ್ತಿ ಬಿಡುವ ಕೈ. ಎಲ್ಲದರಲ್ಲೂ ಬಲಗಡೆಯ ಮೂಲೆಯಲ್ಲಿ ಒಂದು ಗುಬ್ಬಿ.

ಮಂಡ್ಯದಲ್ಲಿ ಇಳಿದವಳೇ ಟೀ ಅಂಗಡಿಯ ಮುಂದೆ ನಿಂತಿದ್ದ ಒಂದು ಗುಬ್ಬಿ ಟ್ರೈಲರಿನ ಚಾಲಕನನ್ನು ಹಿಡಿದೆ. ಅವನು ಮೊದಲು ನನ್ನನ್ನು ಸಾರಿಗೆ ಇಲಾಖೆಯವಳೆಂದುಕೊಂಡು ಕಾಗದಪತ್ರ ತೆಗೆಯಲು ಹೋದ. ವಿಷಯ ತಿಳಿದ ಮೇಲೆ ನಕ್ಕು, ಸಕ್ಕರೆ ಕಾರ್ಖಾನೆಯ ಕಡೆಗೆ ಹೋಗುವ ರಸ್ತೆಯಲ್ಲಿ ವೆಲ್ಡಿಂಗ್ ಅಂಗಡಿ, ಅದರ ಹಿಂದೆ ಬೇವಿನ ಮರ, ಮರದ ಕೆಳಗೆ ಇರುತ್ತಾರೆ ಎಂದ.

ಇದ್ದರು. ಅರವತ್ತರ ಮೇಲಿನವರು. ಎಣ್ಣೆ ಬಣ್ಣದ ಡಬ್ಬಿಗಳ ನಡುವೆ ಟ್ರೈಲರಿನ ಹಲಗೆಯೊಂದನ್ನು ನಿಲ್ಲಿಸಿಕೊಂಡು ‘ಶ್ರೀ’ ಬರೆಯುತ್ತಿದ್ದರು. ಹಲಗೆಗೆ ಸೀಮೆಸುಣ್ಣ ಹಚ್ಚಿದ ದಾರವನ್ನು ಬಿಗಿದು ಮೀಟಿ ಎರಡು ಗೆರೆ ಮೂಡಿಸಿಕೊಂಡಿದ್ದರು. ತುದಿಗೆ ಬಟ್ಟೆ ಸುತ್ತಿದ ಕೋಲನ್ನು ಎಡಗೈಯಲ್ಲಿ ಹಲಗೆಗೆ ಆನಿಸಿ, ಅದರ ಮೇಲೆ ಬಲಗೈಯ ಮಣಿಕಟ್ಟು. ಕುಂಚ ನಡೆಯುವಾಗ ಬೆರಳುಗಳು ಅಲ್ಲಾಡಲಿಲ್ಲ, ಇಡೀ ತೋಳು ಸಾಗುತ್ತಿತ್ತು. ಒಂದು ಸಾಲಿನ ಎಲ್ಲ ಅಕ್ಷರಗಳ ಹೊಟ್ಟೆಯನ್ನೂ ಮೊದಲು ಬರೆದು, ಒತ್ತಕ್ಷರಗಳಿಗೆ ಕೆಳಗೆ ಜಾಗ ಬಿಟ್ಟು, ತಲೆಕಟ್ಟುಗಳನ್ನು ಕಡೆಗೆ ಎಡದಿಂದ ಬಲಕ್ಕೆ ಒಂದೇ ಓಟದಲ್ಲಿ ಹಾಕಿದರು. ಹಾಗೆ ಹಾಕಿದರೆ ಎಲ್ಲವೂ ಒಂದೇ ಉಸಿರಿನಲ್ಲಿರುತ್ತವೆ ಎಂದರು.

“ನಿಮ್ಮದೇನು ಕೆಲಸ ತಾಯಿ?”

“ಬ್ಯಾನರ್ ಅಂಗಡಿ ಇದೆ ಅಣ್ಣಾ. ದಾವಣಗೆರೆಯಲ್ಲಿ.”

ಕುಂಚವನ್ನು ಡಬ್ಬಿಯ ಮೇಲಿಟ್ಟು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಹಾಗಾದರೆ ನನ್ನ ಅನ್ನ ತಿಂದವರು ನೀವೇ! ಕುಳಿತುಕೊಳ್ಳಿ, ಟೀ ತರಿಸುತ್ತೇನೆ.”

ಟೀಯ ಜೊತೆಗೆ ಹಳೆಯದೆಲ್ಲ ಬಂತು. ಅಂಗಡಿ ಬೋರ್ಡುಗಳು, ಸಿನಿಮಾ ಜಾಹೀರಾತಿನ ಗೋಡೆಗಳು. ಎಲ್ಲಕ್ಕಿಂತ ಚುನಾವಣೆ: ಬೆಳಿಗ್ಗೆ ಒಂದು ಪಕ್ಷದ ಗುರುತು, ರಾತ್ರಿ ಅದೇ ಗೋಡೆಗೆ ಸುಣ್ಣ ಬಳಿದು ಇನ್ನೊಂದರದು. “ಇಬ್ಬರೂ ಸೋತ ವರ್ಷವೂ ನನಗೆ ದುಡ್ಡು ಬಂದಿದೆ.” ಫ್ಲೆಕ್ಸ್ ಬಂದ ಮೇಲೆ ಕೆಲವು ವರ್ಷ ಮನೆಗಳಿಗೆ ಬಣ್ಣ ಹೊಡೆದರು. ಟ್ರೈಲರಿನ ಹಲಗೆಗೆ ಮಾತ್ರ ಯಾವ ಮೆಷಿನ್ನೂ ಹತ್ತಿರ ಬರಲಿಲ್ಲ. ಕಬ್ಬಿನ ಜಲ್ಲೆ, ಸರಪಳಿ ಉಜ್ಜಿ ಉಜ್ಜಿ ಹಂಗಾಮು ಮುಗಿಯುವುದರೊಳಗೆ ಅರ್ಧ ಅಕ್ಷರ ಹೋಗಿರುತ್ತದೆ. ಮುಂದಿನ ಹಂಗಾಮಿಗೆ ಎಲ್ಲರೂ ಮತ್ತೆ ಬೇವಿನ ಮರದ ಕೆಳಗೆ.

ಗುಬ್ಬಿ ಏಕೆ ಎಂದು ಕೇಳಿದೆ. ಹೆಸರು ಬರೆದುಕೊಂಡರೆ ಮಾಲೀಕರು ಮುಖ ಸಿಂಡರಿಸುತ್ತಾರಂತೆ. ಗುಬ್ಬಿ ಬೇಡ ಎಂದವರು ಇದುವರೆಗೆ ಯಾರೂ ಇಲ್ಲ.

ಏಳುವಾಗ, “ನಾಳೆ ಹಬ್ಬ. ಲಾಡ್ಜಿನಲ್ಲಿ ಕುಳಿತು ಏನು ಮಾಡುತ್ತೀರಿ, ನಮ್ಮೂರಿಗೆ ಬನ್ನಿ. ಎತ್ತಿನ ಕೋಡಿಗೆ ಬಣ್ಣ ಹಾಕುವುದಿದೆ” ಎಂದರು.

ಬುಧವಾರ

ಊರು ಮಂಡ್ಯದಿಂದ ಅರ್ಧ ಗಂಟೆಯ ದಾರಿ. ಪ್ರತಿ ಬಾಗಿಲಲ್ಲೂ ರಂಗೋಲಿ. ಅಗ್ರಹಾರದ ನಾಜೂಕು ಇಲ್ಲಿಲ್ಲ, ಬೀದಿಯ ಅರ್ಧವನ್ನು ನುಂಗಿದ ಭರ್ಜರಿ ಕಬ್ಬು, ಮಡಕೆ, ಸೂರ್ಯ. ಹೆಣ್ಣುಮಕ್ಕಳು ಎಳ್ಳುಬೆಲ್ಲದ ತಟ್ಟೆ ಹಿಡಿದು ಮನೆಯಿಂದ ಮನೆಗೆ ಓಡಾಡುತ್ತಿದ್ದರು. ಯಾರ ಪರಿಚಯವೂ ಇಲ್ಲದ ನನ್ನ ಕೈಗೂ ಸಕ್ಕರೆ ಅಚ್ಚು, ಕಬ್ಬಿನ ತುಂಡು ಬಂದವು. ಎಳ್ಳು ತಿಂದು ಒಳ್ಳೆಯ ಮಾತನಾಡಬೇಕು ಎಂದ ಮಗುವಿಗೆ ನನ್ನ ಪೂರ್ತಿ ಕುಲಗೋತ್ರ ಬೇಕಾಗಿತ್ತು.

ಎತ್ತುಗಳು ಕೆರೆಯಲ್ಲಿ ಮಿಂದು ಬಂದಿದ್ದವು. ಹಳ್ಳಿಕಾರ್ ಜೋಡಿ. ಉದ್ದ ಮುಖ, ಹಿಂದಕ್ಕೆ ಬಾಗಿ ತುದಿಯಲ್ಲಿ ಮತ್ತೆ ಮುಂದಕ್ಕೆ ಬರುವ ಕೋಡು. ಮೈಗೆ ಅರಿಶಿನ ಬಳಿದು ಆಗಿತ್ತು. ಪೇಂಟರ್ ಅಣ್ಣ ಲುಂಗಿ ಎತ್ತಿಕಟ್ಟಿ ನಿಂತಿದ್ದರು. ಊರಿನ ಅರ್ಧ ಎತ್ತುಗಳು ಅವರ ಮುಂದೆ ಸರದಿಗೆ ನಿಂತಿದ್ದವು. ಹಬ್ಬದ ದಿನ ಕೋಡಿಗೆ ದುಡ್ಡು ತೆಗೆದುಕೊಳ್ಳುವುದಿಲ್ಲವಂತೆ. ನನ್ನ ಕೈಗೆ ನೀಲಿ ಡಬ್ಬಿ ಕೊಟ್ಟರು.

ಹಲಗೆಗೆ ಇರುವ ಯಾವ ಸೌಕರ್ಯವೂ ಕೋಡಿಗೆ ಇಲ್ಲ. ದಾರ ಬಿಗಿಯುವಂತಿಲ್ಲ, ಕೋಲು ಆನಿಸುವಂತಿಲ್ಲ. ಎತ್ತು ತಲೆಯಾಡಿಸುವುದಕ್ಕೂ ಕಿವಿಯಾಡಿಸುವುದಕ್ಕೂ ನಡುವೆ ಸಿಗುವ ಒಂದು ಗಳಿಗೆಯಲ್ಲಿ ಕುಂಚ ಮುಟ್ಟಿ ಬರಬೇಕು. ಅವರು ಎತ್ತಿನ ಉಸಿರನ್ನು ನೋಡುತ್ತಿದ್ದರು. ಹೊಟ್ಟೆ ಇಳಿದ ತಕ್ಷಣ ಬುಡದಿಂದ ತುದಿಗೆ ಒಂದೇ ಎಳೆತ. ಎಡಗೋಡು ಕೆಂಪು, ಬಲಗೋಡು ನೀಲಿ, ತುದಿಗೆ ಹಿತ್ತಾಳೆಯ ಕಳಸ, ಕಳಸಕ್ಕೆ ಬಲೂನು.

“ಒಂದು ನೀವು ಹಾಕಿ” ಎಂದು ಕುಂಚ ಕೊಟ್ಟರು.

ಸುತ್ತ ನಿಂತ ಹುಡುಗರಿಗೆ ಅದಕ್ಕಿಂತ ದೊಡ್ಡ ಮನರಂಜನೆ ಬೇಕಿರಲಿಲ್ಲ. ಹೊಟ್ಟೆ ಇಳಿಯುವುದನ್ನು ಕಾದು ಕುಂಚ ಇಟ್ಟೆ. ಎತ್ತು ಅದೇ ಗಳಿಗೆಯಲ್ಲಿ ನೊಣ ಓಡಿಸಿತು. ನೀಲಿ ಬಣ್ಣ ಕೋಡಿಗೆ ಅರ್ಧ, ನನ್ನ ರವಿಕೆಯ ತೋಳಿಗೆ ಅರ್ಧ. ಎರಡನೆಯ ಎಳೆತ ಪರವಾಗಿಲ್ಲ ಅನ್ನಿಸಿಕೊಂಡಿತು. ಅಣ್ಣ ಅದನ್ನು ತಿದ್ದಲಿಲ್ಲ. ಕೋಡಿನ ಬುಡದಲ್ಲಿ, ಹಣೆಗೂದಲು ಮುಚ್ಚುವ ಜಾಗದಲ್ಲಿ, ಬಿಳಿ ಬಣ್ಣದಲ್ಲಿ ಎರಡು ಗೀಟು ಎಳೆದು ಒಂದು ಗುಬ್ಬಿ ಕೂರಿಸಿದರು.

ಹೊತ್ತು ಮುಳುಗುವ ಹೊತ್ತಿಗೆ ಊರ ಬಾಗಿಲಿನ ರಸ್ತೆಗೆ ಅಡ್ಡಲಾಗಿ ಭತ್ತದ ಹುಲ್ಲು ಹರಡಿದರು. ಕಿಚ್ಚು ಹಾಯಿಸಿದರೆ ಮೈಮೇಲಿನ ಉಣ್ಣೆಹುಳ ಉದುರುತ್ತದೆ ಎಂದು ಒಬ್ಬರು, ದೃಷ್ಟಿ ಹೋಗುತ್ತದೆ ಎಂದು ಇನ್ನೊಬ್ಬರು. ಎತ್ತುಗಳ ಅಭಿಪ್ರಾಯ ಬೇರೆಯೇ ಇದ್ದಂತೆ ನನಗೆ ಕಂಡಿತು. ಬೆಂಕಿ ಹತ್ತಿದ್ದೇ ತಮಟೆಯ ಸದ್ದು ಏರಿತು. ಹಗ್ಗ ಹಿಡಿದವರು ಮೊದಲು ಹಾರಿದರು, ಹಿಂದೆಯೇ ಜೋಡಿಗಳು. ನನ್ನ ನೀಲಿ ಕೋಡಿನ ಎತ್ತು ಕಿಚ್ಚಿನ ಮುಂದೆ ನಿಂತುಬಿಟ್ಟಿತು. ಯಜಮಾನರು ಕೂಗಿದರು, ಹುಡುಗರು ಬಾಲ ಮುರಿದರು, ಅದು ಕದಲಲಿಲ್ಲ. ಹುಲ್ಲು ಬೂದಿಯಾದ ಮೇಲೆ ಗಾಂಭೀರ್ಯದಿಂದ ನಡೆದು ದಾಟಿತು. ಮಂಡ್ಯದ ಹುಡುಗರ ಬಾಯಿ ಕೇಳಬೇಕೆ. ತಪ್ಪೆಲ್ಲ ಬಣ್ಣ ಹಾಕಿದವರದು ಎಂದು ತೀರ್ಮಾನವಾಯಿತು.

ಕೊನೆಯ ಬಸ್ಸು ಹೊರಡುವ ಮುಂಚೆ ಪೇಂಟರ್ ಅಣ್ಣನ ಹೆಂಡತಿ ಥಿನ್ನರ್ ಹಾಕಿ ತೋಳಿನ ಬಣ್ಣ ತಿಕ್ಕಿದರು. ನೀಲಿ ಹೋಗಲಿಲ್ಲ, ವಾಸನೆ ಸೇರಿಕೊಂಡಿತು. ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ಮೂಗು ಮುಚ್ಚಿಕೊಂಡು, ಏನಾಯಿತೆಂದು ಕೇಳಿದರು. ಎತ್ತಿನ ಕೋಡಿನಿಂದ ಶುರು ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು, ಕೈಚೀಲದಿಂದ ಎಳ್ಳುಬೆಲ್ಲ ತೆಗೆದು ನನ್ನ ಅಂಗೈಗೆ ಸುರಿದು, “ಇನ್ನೊಂದು ತೋಳಿನಲ್ಲೂ ಇದೆ ನೋಡಿ” ಎಂದರು.